ರಿವರ್ಸ್

ಮೂರು ದಿನದಿಂದ ಕನ್ನಿಂಗ್‌ಹ್ಯಾಂ ರಸ್ತೆಯ ಹೋಟೆಲಿನಲ್ಲಿ
ಒಂದೇ ಕ್ರಿಯಾಪದಕ್ಕೆ ಜಗಳ.
ಗಾಜಿನ ಗೂಡಿನಲ್ಲಿ ಕೂತ ದುಭಾಷಿ ನಾನು,
ಕಿವಿಯಲ್ಲಿ ಒಂದು ದೇಶ, ಬಾಯಲ್ಲಿ ಇನ್ನೊಂದು.
ಅವರ ನುಡಿಯ ಆ ಪದ ನಮ್ಮಲ್ಲಾದರೆ
ಬಿಡುವುದು ಅಂತಲೂ ಆದೀತು, ಬಿಟ್ಟುಕೊಡುವುದು ಅಂತಲೂ.
ಬಿಡುವುದು, ಬೀಡಿ ಬಿಟ್ಟ ಹಾಗೆ, ತನ್ನಿಷ್ಟ.
ಬಿಟ್ಟುಕೊಡುವಾಗ ಎದುರಿಗೊಂದು ಕೈ ಚಾಚಿರುತ್ತದೆ.

ಈ ಕಡೆಯವರು ಪಟ್ಟಿ ಓದಿದರು: ಗೋಧಿ, ಎಣ್ಣೆ,
ತಡೆಹಿಡಿದ ಬ್ಯಾಂಕ್ ಖಾತೆ, ಮಕ್ಕಳ ಇನ್ಸುಲಿನ್.
ಕೊನೆಯದಕ್ಕೆ ಬಂದಾಗ ದನಿ ತಗ್ಗಿತು.
ನಾನೂ ತಗ್ಗಿಸಿದೆ; ಅದೂ ಅನುವಾದವೇ.
ಆ ಕಡೆಯ ಮುದುಕ, ಕೋಟಿನ ತೋಳು ಸವೆದವನು,
ಲೋಟದ ಮುಚ್ಚಳ ತೆಗೆದು, ಮತ್ತೆ ಮುಚ್ಚಿ,
"ನಿಮ್ಮ ಹತ್ತಿರ ಎಷ್ಟಿವೆ?" ಅಂದ.
ಹೇಳಿದೆ.
ಯಾರೂ ಉತ್ತರ ಕೊಡಲಿಲ್ಲ, ಹಾಗಾಗಿ
ನನಗೆ ಒಂದು ನಿಮಿಷ ಕೆಲಸವಿರಲಿಲ್ಲ.

ಊಟಕ್ಕೆ ಬಿಸಿಬೇಳೆಬಾತು. ಆತ ಬೂಂದಿಯನ್ನು ಮಾತ್ರ
ಒಂದೊಂದಾಗಿ ಹೆಕ್ಕಿ ತಿಂದ.
"ಮೊದಲು ಬಿಟ್ಟವರು ಈಗ ಎಲ್ಲಿದ್ದಾರೆ, ಗೊತ್ತೆ?"
ನನ್ನನ್ನೇ ಕೇಳಿದ್ದು. ಊಟದ ಹೊತ್ತಿನ ಮಾತನ್ನು
ಅನುವಾದಿಸುವ ಹಾಗಿಲ್ಲ. ಹಪ್ಪಳ ಮುರಿದೆ.

ಸಂಜೆ ಇಮ್ದಾದರ ಆಟೋ. ಕಾಟನ್‌ಪೇಟೆಗೆ ಅಡ್ಡದಾರಿ,
ಸುಲ್ತಾನ್‌ಪೇಟೆಯ ಪೇಪರ್ ಗೋಡೌನಿನ ಗಲ್ಲಿ.
ಎದುರಿಗೆ ರೀಮು ತುಂಬಿದ ಟೆಂಪೋ.
ಮೂತಿಗೆ ಮೂತಿ.
"ರಿವರ್ಸ್ ಹಾಕ್ರೀ!" "ನೀವ್ ಹಾಕ್ರೀ, ಚಿಕ್ ಗಾಡಿ!"
ಇಮ್ದಾದರ ರಿವರ್ಸ್ ಗೇರು ಕೆಟ್ಟು ಎರಡು ತಿಂಗಳು,
ಅದನ್ನು ಅವರು ಹೇಳಲಿಲ್ಲ.
ತಾಯಿ, ತಂಗಿ, ಎಲ್ಲರ ಪ್ರಸ್ತಾಪವೂ ಆಯಿತು.
ಇಬ್ಬರಿಗೂ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ಇಳಿದು ಟೆಂಪೋದ ಕಿಟಕಿಗೆ ಹೋದೆ. ಅಭ್ಯಾಸಬಲ.
ಹುಡುಗ. ಗೇರಿನ ಮೇಲೆ ಕೈ ನಡುಗುತ್ತಿತ್ತು.
"ಮೇಡಂ, ನಂಗೂ ಹಿಂದೆ ತಗೊಳಕ್ಕೆ ಇಷ್ಟಾನೇ.
ಒಂದ್ಸಲ ಹಿಂದೆ ನೋಡಿ."
ನೋಡಿದೆ. ಹದಿನೇಳು ಗಾಡಿ, ಒಂದರ ಬೆನ್ನಿಗೊಂದು.
ಕೊನೆಯವನಿಗೆ ಮುಂದೇನಾಗಿದೆ ಎಂದೇ ಗೊತ್ತಿಲ್ಲ,
ಅವನ ಹಾರ್ನೇ ಎಲ್ಲಕ್ಕಿಂತ ಜೋರು.

ಅವನಿಂದಲೇ ಶುರು ಮಾಡಿದೆ. ಒಬ್ಬೊಬ್ಬರ ಗಾಜು ತಟ್ಟಿ,
ಸ್ವಲ್ಪ, ಇನ್ನೂ ಸ್ವಲ್ಪ, ಬರಲಿ, ಬರಲಿ...
ಒಂಬತ್ತನೆಯವನು ಒಪ್ಪಲಿಲ್ಲ.
ಇಮ್ದಾದರಿಗೆ ದುಡ್ಡು ಕೊಟ್ಟು
ನಡೆದೇ ಮನೆಗೆ ಹೋದೆ.

ನಾಳೆ ಒಂಬತ್ತೂವರೆಗೆ ಮತ್ತೆ ಗೂಡು.
ಕರಡಿನಲ್ಲಿ ಆ ಕ್ರಿಯಾಪದ ಇನ್ನೂ ಆವರಣದೊಳಗಿದೆ,
ಎರಡೂ ಕಡೆ ಗೋಡೆ ಎದ್ದ ಗಲ್ಲಿಯ ಹಾಗೆ.
ನಾಳೆ ನಾನು ಮುದುಕನ ಮುಖ ನೋಡುವುದಿಲ್ಲ.
ಅವನ ಹಿಂದೆ, ಬಾಗಿಲ ಬಳಿ,
ಏನನ್ನೂ ಬರೆದುಕೊಳ್ಳದೆ, ನೀರು ಕುಡಿಯದೆ,
ಮೂರು ದಿನದಲ್ಲಿ ಒಮ್ಮೆಯೂ ಕೂರದೆ
ನಿಂತವರನ್ನು ಎಣಿಸುತ್ತೇನೆ.