ಅರ್ಧ ಸಿಸಿ

ಮಂಡ್ಯದಿಂದ ಕೀಲಾರದ ಕಡೆ ಹೋಗುವ ಬಸ್ಸು
ನಾಲೆಯ ಸೇತುವೆ ದಾಟಿ ನನ್ನನ್ನು ಇಳಿಸುತ್ತದೆ
ಹುಳ ಸಾಕುವ ಮನೆಯ ಮುಂದೆ.
ರೇಷ್ಮೆಯಾ? ಎನ್ನುತ್ತಾರೆ ಗೊತ್ತಿಲ್ಲದವರು.
ಅಲ್ಲ, ಅಕ್ಕಿ ಪತಂಗ.
ನಿಮ್ಮ ಡಬ್ಬದ ಹಿಟ್ಟಿನಲ್ಲಿ ಬಲೆ ಕಟ್ಟಿ
ಮುಚ್ಚಳ ತೆಗೆದರೆ ಮುಖಕ್ಕೆ ಹಾರುತ್ತದಲ್ಲ, ಬೂದಿ ಬಣ್ಣದ್ದು,
ಅದೇ.

ಟ್ರೇ ತುಂಬ ಸಜ್ಜೆ ನುಚ್ಚು, ಮೇಲೊಂದು ಹಿಡಿ ಕಡಲೆಕಾಯಿ ಪುಡಿ,
ಚಿಟಿಕೆ ಯೀಸ್ಟು.
ಬಾಣಂತಿಗೂ ಯಾರೂ ಇಷ್ಟು ಹದ ನೋಡಿ ಬಡಿಸುವುದಿಲ್ಲ.
ನಲವತ್ತು ದಿನ ಕತ್ತಲಲ್ಲಿ ನೂಲುತ್ತ ತಿನ್ನುತ್ತ ಇದ್ದು
ಒಂದು ಬೆಳಗ್ಗೆ ಬಟ್ಟೆ ಸರಿಸಿದರೆ
ರೆಕ್ಕೆ.
ರೆಕ್ಕೆ ಬಂದ ಮೇಲೆ ಬಾಯಿ ಇದ್ದೂ ಇಲ್ಲದ ಹಾಗೆ;
ಜೇನುನೀರಿನ ಹತ್ತಿ ತೂಗುಬಿಡುತ್ತೇವೆ, ಮುಟ್ಟುವುದು ಕೆಲವು.
ಉಳಿದವಕ್ಕೆ ತಿನ್ನುವುದು ಮುಗಿದ ಕೆಲಸ.

ಡ್ರಮ್ಮಿನ ತಳದ ಜಾಲರಿಯಿಂದ ಮೊಟ್ಟೆ ಉದುರುತ್ತದೆ,
ಜೊತೆಗೆ ರೆಕ್ಕೆಯ ಹೊಟ್ಟು.
ಮೂಗಿಗೆ ಕಟ್ಟಿದ ಬಟ್ಟೆಯನ್ನೂ ದಾಟಿ ಅದು ಎದೆಗಿಳಿಯುತ್ತದೆ.
ದೇವೀರಮ್ಮ ಉಬ್ಬಸ ಹತ್ತಿ ಕೆಲಸ ಬಿಟ್ಟಳು, ಹೋದ ಯುಗಾದಿಗೆ.
ಅವಳ ಸ್ಟೂಲಿನ ಮೇಲೀಗ ನಾನು.
ಟೀ ಸೋಸುವ ಜರಡಿಯಲ್ಲಿ ಕೊಡವಿ
ಅಂಟು ಸವರಿದ ರಟ್ಟಿನ ಮೇಲೆ ಉದುರಿಸುತ್ತೇನೆ.
ನೀಲಿ ದೀಪದಡಿ ಮುಕ್ಕಾಲು ಗಂಟೆ:
ಒಳಗಿನ ಜೀವ ನಿಲ್ಲುತ್ತದೆ, ಮೊಟ್ಟೆ ಮಾತ್ರ ತಾಜಾ.
ಆಮೇಲೆ ಬರುತ್ತದೆ ಕಣ್ಣಿಗೆ ಸಿಗದಷ್ಟು ಸಣ್ಣ ಕಣಜ.
ಕಾಳು ತುಂಬಿಡುವುದೂ ಕಣಜ, ಈ ಹುಳವೂ ಕಣಜ;
ಹೆಸರಿಟ್ಟವರಿಗೆ ಏನು ಹೊಳೆದಿತ್ತೋ.
ಒಂದೊಂದು ಮೊಟ್ಟೆಯೊಳಗೂ ತನ್ನದೊಂದು ಇಟ್ಟು ಹೋಗುತ್ತದೆ.
ನಾಲ್ಕನೆಯ ದಿನಕ್ಕೆ ರಟ್ಟು ಕಪ್ಪು.
ಕತ್ತರಿಸಿ ಕಬ್ಬಿನ ಗರಿಯಡಿ ಪಿನ್ನು ಹೊಡೆದರೆ
ಸುಳಿ ಕೊರೆಯುವ ಹುಳದ ವಂಶ ನಿಲ್ಲುತ್ತದೆ
ಎನ್ನುತ್ತಾರೆ ಮೇಡಂ.
ನಿಂತದ್ದನ್ನೂ ನೋಡಿದ್ದೇನೆ, ನಿಲ್ಲದ್ದನ್ನೂ.

ಒಂದು ಸಿಸಿಗೆ ಹದಿನೆಂಟು ಸಾವಿರ ಮೊಟ್ಟೆ.
ನನ್ನ ಸಂಬಳ ಒಂಬತ್ತು ಸಾವಿರ.
ಲೆಕ್ಕ ಹಾಕಿ ನಗುತ್ತೇನೆ, ಬಸ್ಸಿನಲ್ಲಿ, ಒಬ್ಬಳೇ.

ಮನೆಯಲ್ಲಿ ಅತ್ತೆ ಸಣ್ಣತಾಯಮ್ಮ ವಂದರಿ ಹಿಡಿದು ಕೂತಿರುತ್ತಾಳೆ.
ರಾಗಿ ಹಿಟ್ಟು ಗಂಟು ಗಂಟು.
"ನಿನ್ ಸೆರಗಿಗೆ ಅಂಟ್ಕಂಡೇ ಬತ್ತವೆ ಕಣೆ ಇವು.
ನೆರೆಯೋರು ಸೇರು ಹಿಟ್ಟು ಕೇಳುದ್ರೆ ಇಲ್ಲ ಅಂತೀವಿ,
ನೀನು ಅಲ್ಲಿ ಹುಳಕ್ಕೆ ಉಣ್ಣಕ್ಕಿಕ್ಕಿ ಬತ್ತೀಯ."
ಬಾಗಿಲಲ್ಲೇ ಸೀರೆ ಕೊಡವುತ್ತೇನೆ, ಕೂದಲು ಕೊಡವುತ್ತೇನೆ,
ಗುಡಾಣದ ತಳಕ್ಕೆ ಬೇವಿನ ಸೊಪ್ಪು ಒತ್ತಿದ್ದೇನೆ.
ಆದರೂ ಸಂಜೆ ಟ್ಯೂಬ್‌ಲೈಟಿಗೆ ಒಂದೆರಡು.

ಮಿಕ್ಕ ರಟ್ಟಿನ ಚೂರೊಂದನ್ನು ಒಮ್ಮೆ ತಂದು
ಅವಳ ಅಂಗೈಗಿಟ್ಟೆ.
ಕಿಟಕಿಯ ಬೆಳಕಿಗೆ ಹಿಡಿದಳು, ಮೂಸಿದಳು.
"ಗಸಗಸೆಯಾ? ಸೀದೋಗದೆ."
ಹೇಳಿದೆ. ಒಂದರ ಮೊಟ್ಟೆಯಲ್ಲಿ ಇನ್ನೊಂದರ ಮರಿ ಎಂದೆ.
ಹಿಟ್ಟಿನ ಬೆರಳು ಹಾಗೇ ನಿಂತಿತು ಎಷ್ಟೋ ಹೊತ್ತು.
"ಅವ್ವಂಗೆ ಗೊತ್ತಾಯ್ತದಾ?"
ಯಾವ ಅವ್ವ ಎಂದು ನಾನು ಕೇಳಲಿಲ್ಲ.

ಅದೇ ರಾತ್ರಿ, ಹಿಟ್ಟು ಬೇಯುವಾಗ, ಪತಂಗವೊಂದು
ಒಲೆಯ ಹತ್ತಿರ ಸುಳಿಯಿತು.
ಎತ್ತಿದ ಕೈ ಎತ್ತಿದಂತೆ ಅವಳ ಮುಖ ನೋಡಿದೆ.
"ಹೊಡಿಯೇ," ಅಂದಳು, "ಇದು ನಿಮ್ಮಾಪೀಸಿಂದಲ್ಲ."
ಹೊಡೆದೆ.
ಅಂಗೈಯಲ್ಲಿ ಚಿಟಿಕೆ ಬೂದಿ, ದೀಪಕ್ಕೆ ಹೊರಳಿಸಿದರೆ ಹೊಳೆಯುವಂಥದ್ದು.
ಮುದ್ದೆ ಕಟ್ಟುವ ಮುಂಚೆ ಕೈ ತೊಳೆದುಕೊಂಡೆ.
ಎರಡು ಸಲ.