ಎರಡನೇ ಸೆಟ್ಟು

ಪ್ರತಿ ವರ್ಷ ಲೀಗ್ ಮುಗಿಯುವ ಮೊದಲೇ
ಎರಡನೇ ಸೆಟ್ಟು ಹೊಲಿದಿಡುತ್ತಿದ್ದೆ.
ಆಡಿ ಆಡಿ ನೀಲಿ ಮಾಸಿರುತ್ತದಲ್ಲ,
ಸೆಮಿಫೈನಲ್ಲಿಗೆ ಬಿಳಿ.
ಹದಿನಾರು ಅಂಗಿ, ಬೆನ್ನಿಗೆ ಹದಿನಾರು ನಂಬರು.
ಯಾರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.
ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ,
ಗಿರಣಿ ಟೀಮು ನಾಲ್ಕರೊಳಗೆ ಬರದಿರುತ್ತದೆಯೇ!

ಗಿರಣಿಯ ಗೇಟಿನ ಸಂದಿಯಲ್ಲಿ ಬೇವು ಬೆಳೆದಿದೆ.
ಸೈರನ್ನಿಲ್ಲ, ನೂಲಿಲ್ಲ, ರಾತ್ರಿ ಪಾಳಿಯಿಲ್ಲ.
ಉಳಿದದ್ದು ಚಿಮಣಿ ಒಂದು, ಟೀಮು ಒಂದು;
ದೂರದಿಂದ ನೋಡಿದರೆ ಎರಡೂ ಇನ್ನೂ ನೆಟ್ಟಗೆ.
ಸೊಸೈಟಿ ಕಚೇರಿಯಲ್ಲಿ ಕಪ್ಪುಗಳಿಗೆ ಜಾಗ ಸಾಲದೆ
ಒಂದರೊಳಗೆ ರಬ್ಬರ್ ಸ್ಟಾಂಪು,
ಇನ್ನೊಂದರೊಳಗೆ ಯಾರದೋ ಮರೆತ ಛತ್ರಿ.

ನಮ್ಮ ಮಾವ ಅದೇ ಟೀಮಿನ ಬ್ಯಾಕು, ನಾಲ್ಕನೇ ನಂಬರು.
ಹಗಲು ಗಂಜಿ ಖಾತೆ, ಸಂಜೆ ಬರಿಗಾಲ ಆಟ.
ಕಾಲುಗುರು ಎರಡು ಈಗಲೂ ಬಂದಿಲ್ಲ.
ಅದನ್ನು ಮೊಮ್ಮಕ್ಕಳಿಗೆ ತೋರಿಸುತ್ತಾರೆ,
ಬೇರೆಯವರು ಮೆಡಲು ತೋರಿಸಿದ ಹಾಗೆ.

ಮೊನ್ನೆ ಭಾನುವಾರ ಹೈಸ್ಕೂಲ್ ಮೈದಾನದ ಗೋಡೆ ಮೇಲೆ ಕೂತು
ಮ್ಯಾನೇಜರ್ ಮುರಿಗೆಪ್ಪ ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಹಾಕಿದ:
ಹರಿಹರದವರು ಸೋಲಬೇಕು,
ರೈಲ್ವೆಯವರು ಡ್ರಾ ಮಾಡಬೇಕು,
ನಾವು ಎರಡು ಗೋಲಿನಿಂದ ಗೆಲ್ಲಬೇಕು.
ಇಷ್ಟು ವರ್ಷ ನಮ್ಮನ್ನು ನೋಡಿ
ಬೇರೆಯವರು ಹಾಕುತ್ತಿದ್ದ ಲೆಕ್ಕ ಅದು.
ನಮಗೆ ಅಭ್ಯಾಸವಿರಲಿಲ್ಲ,
ಅವನು ಮೂರು ಸಲ ತಪ್ಪು ಕೂಡಿಸಿದ.

ಹರಿಹರದವರು ಸೋತರು.
ರೈಲ್ವೆಯವರು ಹೇಳಿ ಮಾಡಿಸಿದಂತೆ ಡ್ರಾ ಮಾಡಿದರು.
ನಾವು ಗೆದ್ದೆವು, ಒಂದೇ ಗೋಲಿಗೆ.
ಕೊಟ್ರೇಶಿ ಕೊನೆಗೆ ಹೊಡೆದದ್ದು
ಕಂಬಕ್ಕೆ ಬಡಿದು, ಟಣ್ ಅಂತ,
ಪಾಳಿ ಬಿಟ್ಟ ಗಂಟೆ ಹಾಗೆ.
ಸೀಟಿ ಊದಿದ ಮೇಲೂ ಗೋಲಿ ಶೌಕತ್
ಕೈಗವಸು ಬಿಚ್ಚದೆ ಅಲ್ಲೇ ನಿಂತಿದ್ದ,
ಇನ್ನೊಂದು ಚೆಂಡು ಬರುವುದಿದೆ ಎಂಬಂತೆ.
ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ
ಬಿದ್ದೇ ಇಲ್ಲ ನಾವು.
ಗೆದ್ದು ಹೊರಗೆ ನಿಂತಿದ್ದೆವು.

ಮಾವ ಮನೆಗೆ ಬಂದು
ರೊಟ್ಟಿ ಅರ್ಧ ಮುರಿದು ಹಾಗೇ ಬಿಟ್ಟರು.
ಉಪ್ಪು ಕಡಿಮೆ ಅಂದರು.
ಉಪ್ಪು ಸರಿಯಾಗೇ ಇತ್ತು.

ಮಂಗಳವಾರ ಅಂಗಡಿ ಬಾಗಿಲಲ್ಲಿ ದಾದಾಪೀರ್,
ಮಂಡಕ್ಕಿ ಭಟ್ಟಿಯ ಹುಡುಗ,
ಹುಬ್ಬಿನ ಮೇಲೆ ಇನ್ನೂ ಹೊಟ್ಟಿನ ಬೂದಿ.
‘ಯಕ್ಕಾ, ಶುಕ್ರವಾರ ಸೆಮಿ ಐತಿ. ನಂಬರ್ ಬೇಕು.
ಇಲ್ಲೀತನಕ ಸುಣ್ಣದಾಗ ಬರಕಂಡು ಆಡಿದ್ವಿ,
ಬೆವರು ಬಂದ್ರ ಎಲ್ಲಾರೂ ಒಂದೇ ನಂಬರ್ ಆಗ್ತೀವಿ.’
ಆ ಒಂದು ಗೋಲಿನ ಅಂತರದಲ್ಲಿ ಒಳಗೆ ಹೋದವರು ಇವರೇ.

ಕಪಾಟಿನ ಮೇಲೆ ಬಿಳಿ ಅಂಗಿಗಳು ಮಡಿಚಿಟ್ಟ ಹಾಗೇ ಇದ್ದವು.
ಅವನು ನೋಡಿದ. ಕೇಳಲಿಲ್ಲ.
ಕೇಳಿದ್ದರೂ ಕೊಡುತ್ತಿರಲಿಲ್ಲ.
ಹಳದಿ ಬಟ್ಟೆಗೆ ಚೌಕಿಪೇಟೆಗೆ ಅವನನ್ನೇ ಓಡಿಸಿದೆ.
ಹೊಲಿಗೆಗೆ ತೊಂಬತ್ತು, ನಂಬರಿಗೆ ಇಪ್ಪತ್ತು.
ಚೌಕಾಸಿ ಮಾಡಿದ, ಒಂದು ರೂಪಾಯಿ ಬಿಡಲಿಲ್ಲ.

ಗುರುವಾರ ರಾತ್ರಿ ನಂಬರಿನ ಕರಿ ಬಟ್ಟೆ ಮುಗಿಯಿತು.
ಹಳದಿ ಅಂಗಿಗಳಲ್ಲಿ ನಾಲ್ಕನೆಯದೊಂದು ಬರಿಬೆನ್ನಿಗಿತ್ತು.
ಅಂಗಡಿಗಳು ಮುಚ್ಚಿದ್ದವು.
ಕಪಾಟಿನಿಂದ ಬಿಳಿ ಅಂಗಿ ಒಂದನ್ನು ಇಳಿಸಿ
ಬ್ಲೇಡಿನ ತುದಿಯಿಂದ ಎಳೆ ಎಳೆಯಾಗಿ
ನಾಲ್ಕನ್ನು ಬಿಚ್ಚಿದೆ.

ದೀಪಕ್ಕೆ ಹಿಡಿದರೆ
ಸೂಜಿಯ ತೂತುಗಳಲ್ಲಿ ನಾಲ್ಕು ಅಲ್ಲೇ ಇತ್ತು,
ಬಟ್ಟೆ ಹೋದರೂ.

ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮಾವ
ನಿದ್ದೆಯಲ್ಲಿದ್ದಾರೆಂದು ತಿಳಿದಿದ್ದೆ.
‘ನಾಳೆ ಮ್ಯಾಚು,’ ಅಂದರು,
‘ಎಷ್ಟು ಗಂಟಿಗಂತೆ?’