ಎಂಟು ಕಡ್ಡಿಯ ಕೊಡೆ

ಮೊದಲೇ ಹೇಳಿಬಿಡುತ್ತೇನೆ:
ಭೂಮಿ ಉಳಿಸಲು ಹೊರಟವಳಲ್ಲ ನಾನು.
ಜೆಪ್ಪುವಿನಿಂದ ಹಂಪನಕಟ್ಟೆಗೆ ದಿನಾ ನಡೆದದ್ದು
ಬಸ್ಸಿನ ಹದಿನೈದು ರೂಪಾಯಿ ಉಳಿಸಲು.
ಮೂರು ದಿನ ನಡೆದರೆ ಒಂದು ತೆಂಗಿನಕಾಯಿ.
ಈ ಊರಿನ ದೂರಗಳನ್ನು
ಕಾಯಿ ಲೆಕ್ಕದಲ್ಲೇ ಕಲಿತೆ.

ಲಿಂಗಸುಗೂರಿನಿಂದ ಬಂದ ವಾರ
ಅಂಗಡಿಯಲ್ಲಿ ರೊಟ್ಟಿ ಕೇಳಿದರೆ
ಗರಿಗರಿ ಕಾಗದದಂಥ ಕಟ್ಟೊಂದನ್ನು ಕೊಟ್ಟರು.
ಕೋಣೆಗೆ ತಂದು ಕಚ್ಚಿ, ಅತ್ತುಬಿಟ್ಟೆ.
ಕುಚ್ಚಲಕ್ಕಿಯ ದಪ್ಪ ಅಗುಳು ಗಂಟಲಿಗಿಳಿಯಲು
ಒಂದಿಡೀ ಸೆಮಿಸ್ಟರ್ ಬೇಕಾಯಿತು.
ಈಗ ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹೊಯ್ದಿಟ್ಟು
ಬೆಳಿಗ್ಗೆ ಒಂದು ಮಾವಿನಮಿಡಿ ಕಚ್ಚಿಕೊಂಡರೆ
ನಾಲಗೆ ತಕರಾರು ತೆಗೆಯುವುದಿಲ್ಲ.

ಕೋಣೆಗೆ ಮೂವರು. ಬಕೆಟ್ಟು ಎರಡು.
ರುಕಿಯಾಳದ್ದು ಮೀನಿನ ವಿದ್ಯೆ:
ಬಂದರಿನಲ್ಲಿ ಸಂಜೆ ಐಸು ಕರಗಿ
ಮಾರುವವರ ದನಿ ಇಳಿಯುವವರೆಗೆ ಕಾಯುತ್ತಾಳೆ,
ಆಮೇಲೆ ಹೋಗಿ, ಬೇಡವೆಂಬಂತೆ ಬೂತಾಯಿ ತರುತ್ತಾಳೆ.
ಐರಿನ್ ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಹಾಳೆ ಬೇಡಿ ತಂದು
ಖಾಲಿ ಮಗ್ಗುಲಲ್ಲಿ ಅನಾಟಮಿ ಬರೆಯುತ್ತಾಳೆ.
ಅವಳ ಯಕೃತ್ತಿನ ಬೆನ್ನಿಗೆ ಯಾರದೋ ಆಸ್ತಿಯ ಕರಾರುಪತ್ರ.

ಮನೆಯೊಡತಿ ಸೆವ್ರಿನ್ ಬಾಯಿ ಕಡಿಮೆ ಮಾತಿನವರು.
ನಾವು ಅಕ್ಕಿ ತೊಳೆದ ನೀರು ಅವರ ಬಸಳೆ ಬುಡಕ್ಕೆ,
ಅವರ ಬಿಂಬುಳಿ ನಮ್ಮ ಸಾರಿಗೆ.
ಎಣ್ಣೆಡಬ್ಬಿಯಲ್ಲಿ ನಾವು ನೆಟ್ಟ ಬಸಳೆ ಕುಡಿ ಮಾತ್ರ ಸತ್ತುಹೋಯಿತು.
ಕಾರಣ ತಿಳಿಯಲಿಲ್ಲ. ಡಬ್ಬಿಯಲ್ಲೀಗ ಸ್ಪೂನುಗಳಿವೆ.

ಜೂನಿನಲ್ಲಿ ಕಾಲೇಜಿನ ಪರಿಸರ ದಿನ.
‘ಮಿತವಾಗಿ ಬದುಕುವ ವಿದ್ಯಾರ್ಥಿನಿ’ ಎಂದು ನನ್ನನ್ನು ಕರೆದು
ಎರಡು ನಿಮಿಷ ಮಾತಾಡೆಂದರು.
ಮೇಜಿನ ಮೇಲೆ ಸಾಲಾಗಿ ಪುಟ್ಟ ನೀರಿನ ಬಾಟಲಿ,
ಪ್ಲಾಸ್ಟಿಕ್ಕು ಸುತ್ತಿದ ಹೂಗುಚ್ಛ.
ಏನು ಹೇಳಲಿ? ಬಡತನಕ್ಕೆ
ಇಷ್ಟು ಚಂದದ ಹೆಸರಿದೆಯೆಂದು ನನಗಾದರೂ ಗೊತ್ತಿತ್ತೆ?
‘ನಮಸ್ಕಾರ’ ಎಂದೆ. ‘ನಡೆಯುತ್ತೇನೆ’ ಎಂದೆ.
ಚಪ್ಪಾಳೆ ತಟ್ಟಿದರು.

ಜನ ಚದುರಿದ ಮೇಲೆ ರುಕಿಯಾ
ವೇದಿಕೆಯ ಫ್ಲೆಕ್ಸು ಬಿಚ್ಚಿ, ಸುರುಳಿ ಸುತ್ತಿ, ಕಂಕುಳಲ್ಲಿ ತಂದಳು.
ನಮ್ಮ ಬಚ್ಚಲ ಹೆಂಚು ಸೋರುತ್ತಿತ್ತಲ್ಲ.
ಈಗ ಮೀಯುವಾಗ ಕತ್ತೆತ್ತಿದರೆ
ತಲೆಕೆಳಗಾಗಿ ಕಾಣುತ್ತದೆ: ಭೂಮಿ ಉಳಿಸಿ.
ಒಂದು ಹನಿಯೂ ಒಳಬರುವುದಿಲ್ಲ, ನಿಜ ಹೇಳಬೇಕು.

ಕೊಡೆಯ ಮಾತು ಮರೆತೆ.
ಅವ್ವ ಕೊಟ್ಟು ಕಳಿಸಿದ್ದು, ಬಯಲಿನ ಬಿಸಿಲಿಗೆಂದು ಕೊಂಡದ್ದು.
ಇಲ್ಲಿಯ ಗಾಳಿಗೆ ಮೊದಲ ಮಳೆಗಾಲವೇ
ಮಲ್ಲಿಗೆಯಂತೆ ಮೇಲ್ಮುಖವಾಗಿ ಅರಳಿತು.
ಮಾರ್ಕೆಟ್ ರಸ್ತೆಯಲ್ಲಿ, ಒಂದು ಮೆಟ್ಟಿಲ ಕೆಳಗೆ
ಇದಿನಬ್ಬಾಕ ಕೂರುತ್ತಾರೆ,
ಸುತ್ತ ಚರ್ಮ ಕಳೆದ ಬಾವಲಿಗಳ ಹಾಗೆ ಸತ್ತ ಕೊಡೆಗಳು.
ಒಂದರ ಕಡ್ಡಿ ಕಿತ್ತು ಇನ್ನೊಂದಕ್ಕೆ ತೊಡಿಸುತ್ತಾರೆ.
ತಂತಿ ಬಿಗಿಯುವಾಗ ತುಟಿಯಲ್ಲಿ ಸೂಜಿ,
ಆದ್ದರಿಂದ ಮಾತಿಗೆ ಉತ್ತರ ತಡವಾಗಿ.
ಮೂರು ಮಳೆಗಾಲ, ಒಟ್ಟು ನೂರಿಪ್ಪತ್ತು ರೂಪಾಯಿ.

ಹೋದ ವಾರ ಮೊದಲ ಸ್ಟೈಪೆಂಡು ಬಂತು.
ಬಸ್ಸು ಹತ್ತಿದೆ, ಕಿಟಕಿ ಪಕ್ಕ ಕೂತೆ,
ನಾಚಿಕೆಯೇನೂ ಆಗಲಿಲ್ಲ.
ಗಾಜಿನಂಗಡಿಯಲ್ಲಿ ಮೂರು ಮಡಿಕೆಯ ಹಸಿರು ಕೊಡೆ ನೋಡಿದೆ,
ಗುಂಡಿ ಒತ್ತಿದರೆ ತಾನೇ ತೆರೆಯುವಂಥದ್ದು.
ಹೊರಗೆ ಬಂದೆ. ಮತ್ತೆ ಒಳಹೋದೆ.
ಕೈಯಲ್ಲಿ ದುಡ್ಡಿದ್ದಾಗ ನಾನು ಯಾರು
ಎಂಬುದು ನನಗಿನ್ನೂ ಗೊತ್ತಿರಲಿಲ್ಲ.

ಇದಿನಬ್ಬಾಕನ ಬಳಿ ಆ ಮಾತು ತೆಗೆದೆ.
ಸೂಜಿ ತೆಗೆದು ಹೇಳಿದರು:
‘ಹೊಸದು ತಗೊಳ್ಳಿ, ನಂಗೇನು ಬೇಜಾರಿಲ್ಲ ಮಾರಾಯ್ತಿ.
ಹಳತು ಮಾತ್ರ ಬಿಸಾಡ್ಬೇಡಿ, ನಂಗೆ ಕೊಡಿ.
ಯಾರಿಗಾದ್ರೂ ಕಡ್ಡಿ ಆಗ್ತದೆ.’

ಕೊಡೆ ಬಿಚ್ಚಿ ಎಣಿಸಿದೆ.
ಕೊಡಲು ನನ್ನದೆಂಬುದು
ಎಂಟರಲ್ಲಿ ಎರಡೇ ಉಳಿದಿತ್ತು.